ಹೂಂಗುಟ್ಟಲು ಒಬ್ಬರು ಬೇಕು

ರೇಷ್ಮೆಹುಳುಗಳಿಗೆ ಬೆಳಗಿನ ಸೊಪ್ಪು ಹಾಕಿ, ಹುಳುಮನೆಯ ಬಾಗಿಲು ಮುಂದೆ ಮಾಡಿ ಬಂದರೆ ಪದ್ಮಶ್ರೀಗೆ ಸ್ವಲ್ಪ ಹೊತ್ತು ಬಿಡುವು. ಆ ಬಿಡುವಿನಲ್ಲಿ ಅವಳು ಕಾಫಿ ಕುಡಿಯುತ್ತಾಳೆ, ನಾಲ್ಕು ತಾಲ್ಲೂಕಿನ ಜನರನ್ನು ಬೈಯುತ್ತಾಳೆ.

ಬೈಯುವುದೆಂದರೆ ಪ್ರೀತಿಯಿಂದಲೇ. ಕೆಂಚಾರ್ಲಹಳ್ಳಿಯ ತನ್ನ ಮನೆಯ ಜಗಲಿಯ ಮೇಲೆ ಕೂತು, ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಒಬ್ಬೊಬ್ಬರಿಗೇ ಫೋನು ಮಾಡುತ್ತಾಳೆ.

"ಏನ್ ಟೀಚರಮ್ಮ, ನಿಮ್ ಕತೇಲಿ ಕುಕ್ಕರ್ ಕೂಗ್ತಾ ಇದೆಯಲ್ಲ. ರಾಜನ ಕಾಲದಲ್ಲಿ ಕುಕ್ಕರ್ ಎಲ್ಲಿತ್ತಮ್ಮ? ಇನ್ನೊಂದ್ಸಲ ಓದಿ ಕಳಿಸಿ."

ಆ ಕಡೆ ಶಿಡ್ಲಘಟ್ಟದ ಟೀಚರಮ್ಮ ನಗುತ್ತಾರೆ. ಇವಳೂ ನಗುತ್ತಾಳೆ. ಆದರೆ ಇನ್ನೊಂದು ಸಲ ಓದಿಸದೆ ಬಿಡುವುದಿಲ್ಲ.

ಇವರದೊಂದು ಗುಂಪು. 'ಕಿವಿಗೊಂದು ಕತೆ' ಎಂದು ಹೆಸರು. ಬರೆದವರು ತೀರಿಹೋಗಿ ಎಷ್ಟೋ ಕಾಲವಾದ, ಯಾರು ಬೇಕಾದರೂ ಓದಿ ಹಂಚಬಹುದಾದ ಹಳೆಯ ಸಣ್ಣಕತೆಗಳನ್ನು ಆರಿಸಿ, ಗಟ್ಟಿಯಾಗಿ ಓದಿ, ಫೋನಿನಲ್ಲಿ ರೆಕಾರ್ಡು ಮಾಡಿ, ಎಲ್ಲರಿಗೂ ಕೇಳಲು ಸಿಗುವ ಹಾಗೆ ಮಾಡುವುದು ಕೆಲಸ. ಸಂಬಳವಿಲ್ಲ. ಗುಂಪು ಕಟ್ಟಿದವನು ಅಂಬರೀಶ್; ಚಿಕ್ಕಬಳ್ಳಾಪುರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಕಣ್ಣು ಕಾಣದ ಮಕ್ಕಳ ಹಾಸ್ಟೆಲಿಗೆಂದು ಅವನು ಶುರು ಮಾಡಿದ್ದು ಈಗ ಎಲ್ಲೆಲ್ಲಿಗೋ ಹಬ್ಬಿದೆ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಹೆಂಗಸರು ಬಿಸಿನೀರಿನಲ್ಲಿ ಕೈ ಅದ್ದಿಕೊಂಡೇ ಕತೆ ಕೇಳುತ್ತಾರಂತೆ. ಒದ್ದೆ ಕೈಯಲ್ಲಿ ಪುಸ್ತಕ ಹಿಡಿಯಲಾಗುವುದಿಲ್ಲ, ಕಿವಿಗೇನು ಅಡ್ಡಿ?

ಬಂದ ರೆಕಾರ್ಡಿಂಗನ್ನು ಪೂರ್ತಿ ಕೇಳಿ, ಸರಿ ತಪ್ಪು ಹೇಳುವವನು ಅಂಬರೀಶ್. ಯಾರಿಗೆ ಯಾವ ಕತೆ ಹಂಚುವುದು, ಯಾರದು ತಡವಾಯಿತು, ಯಾರಿಗೆ ನೆಗಡಿ, ಯಾರ ಮನೆಯಲ್ಲಿ ಮದುವೆ, ಇಷ್ಟನ್ನೂ ತಲೆಯಲ್ಲಿಟ್ಟುಕೊಂಡು ಓದಿಸುವವಳು ಪದ್ಮಶ್ರೀ. ಹುಳು ಸಾಕುವ ಮನೆಯ ಸೊಸೆಗೆ ಇದು ಹೊಸ ವಿದ್ಯೆಯೇನಲ್ಲ. ಯಾವಾಗ ಹಸಿವು, ಯಾವಾಗ ನಿದ್ದೆ, ಯಾವುದು ಸೊರಗಿತು ಎಂದು ನೋಡಿಕೊಳ್ಳುವುದೇ ಅಲ್ಲವೆ ಅಲ್ಲಿಯೂ ಕೆಲಸ? ಹುಳುಗಳು ಎದುರು ಮಾತಾಡುವುದಿಲ್ಲ, ಅಷ್ಟೇ.

ಎದುರು ಮಾತಾಡುವುದರಲ್ಲಿ ಎತ್ತಿದ ಕೈ ಗೌರಿಬಿದನೂರಿನ ರಮೇಶ್‌ಬಾಬು ಅವರದು. ಮೆಡಿಕಲ್ ಸ್ಟೋರ್ ಇಟ್ಟಿದ್ದಾರೆ, ಐವತ್ತು ದಾಟಿದವರು. ಕತೆಯೆಂದರೆ ಪ್ರಾಣ. ಆದರೆ ಓದಲು ಕೂತರೆ ಸ್ವರ ಏಳುವುದೂ ಇಲ್ಲ, ಬೀಳುವುದೂ ಇಲ್ಲ.

"ಅಣ್ಣ, 'ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದು' ಅಂತ ಹೇಳೋ ಹಾಗೆ ಓದ್ತೀರಲ್ಲ," ಎಂದು ಪದ್ಮಶ್ರೀ ಒಮ್ಮೆ ಹೇಳಿದ್ದಳು.

"ಮೇಡಂ, ಅಂಗಡೀಲಿ ಹಾಗೆ ಹೇಳಿದ್ರೇನೇ ಜನ ನಂಬೋದು."

ಅವರು ಒಂದು ಕತೆಯನ್ನು ತಿಂಗಳುಗಟ್ಟಲೆ ಹಿಡಿದುಕೊಂಡು, ಕಳಿಸಿದ್ದೆಲ್ಲ ತಿರುಗಿ ಬಂದು, ಎಲ್ಲರಿಗೂ ಸಾಕಾದಾಗ ಪದ್ಮಶ್ರೀಯೇ ಒಂದು ಕಟ್ಟಳೆ ಮಾಡಿದಳು. ಮೂರು ಸಲ ತಿರುಗಿ ಬಂದ ಕತೆ ಬೇರೆಯವರಿಗೆ ಹೋಗಬೇಕು. ಕೈ ಖಾಲಿ ಇರುವವರು ತೆಗೆದುಕೊಳ್ಳಬೇಕು. ಹಾಗೆ ಅವರ ಕತೆ ಟೀಚರಮ್ಮನಿಗೆ ಹೋಯಿತು. ರಮೇಶ್‌ಬಾಬು ಜಗಳ ಆಡಲಿಲ್ಲ. "ಆಗ್ಲಿ ಮೇಡಂ. ಕಟ್ಟಳೆ ಎಲ್ರಿಗೂ ಒಂದೇ ತಾನೆ?" ಎಂದು ಮಾತ್ರ ಕೇಳಿದ್ದರು. "ಎಲ್ರಿಗೂ ಒಂದೇ," ಎಂದಿದ್ದಳು ಇವಳು, ಬಹಳ ಜಂಬದಿಂದ.

ಈಗ ಎಲ್ಲರ ಕತೆಗಳೂ ಬಂದು ಸೇರಿವೆ. ಬಾರದಿರುವುದು ಒಂದೇ, ಅವಳದು.

ಆ ಕತೆಯನ್ನು ಅವಳು ಕೇಳಿ ಪಡೆದದ್ದು. ಇಷ್ಟು ವರ್ಷದಲ್ಲಿ ತನಗೆಂದು ಕೇಳಿದ ಒಂದೇ ಕತೆ. ಚಿಂತಾಮಣಿಯಲ್ಲಿ ಬಿ.ಎ. ಓದುತ್ತಿದ್ದಾಗ ಕಾಲೇಜಿನ ಲೈಬ್ರರಿಯಲ್ಲಿ ಅದನ್ನು ಅರ್ಧ ಓದಿದ್ದಳು. ತಂಗಿಯನ್ನು ಕೊಟ್ಟ ಊರಿನಲ್ಲಿ ಸಿಹಿನೀರಿಲ್ಲವೆಂದು ಅಣ್ಣ ಹಾರೆ ಹೊತ್ತುಕೊಂಡು ಬಂದು ಬಾವಿ ತೋಡುವ ಕತೆ. ಅಣ್ಣ ಸೊಂಟದ ಆಳಕ್ಕೆ ಇಳಿದಿದ್ದ, ಕತ್ತಿನ ಆಳಕ್ಕೆ ಇಳಿದಿದ್ದ, ಬಂಡೆ ಸಿಕ್ಕಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾಳೆ ಓದಿದರಾಯಿತು ಎಂದು ಪುಸ್ತಕ ಮಡಚಿಟ್ಟು ಬಂದಳು. ಆ ವಾರವೇ ನರೇಂದ್ರನ ಮನೆಯವರು ಬಂದು ನೋಡಿ ಹೋದರು, ಮಾತು ಮುಗಿಯಿತು, ನಾಳೆ ಎನ್ನುವುದು ಕೆಂಚಾರ್ಲಹಳ್ಳಿಯ ಹಿಪ್ಪುನೇರಳೆ ತೋಟದಲ್ಲಿ ಬೆಳಗಾಯಿತು. ಅವಳಿಗೆ ಅದರಿಂದ ದುಃಖವೇನೂ ಆಗಲಿಲ್ಲ. ನರೇಂದ್ರ ಒಳ್ಳೆಯವನು, ಅತ್ತೆ ಅಕ್ಕಯ್ಯಮ್ಮ ಅವನಿಗಿಂತ ಒಳ್ಳೆಯವರು. ಆದರೆ ಸೊಪ್ಪು ಕೊಯ್ಯುವಾಗ, ನೀರು ಕಟ್ಟುವಾಗ, ಒಮ್ಮೊಮ್ಮೆ ಸುಮ್ಮನೆ ನೆನಪಾಗುತ್ತಿತ್ತು: ಆ ಬಾವಿಯಲ್ಲಿ ನೀರು ಬಂತೋ ಇಲ್ಲವೋ?

ಅಂಬರೀಶ್ ಕಳಿಸಿದ ಹಳೆಯ ಪುಟಗಳಲ್ಲಿ ಆ ಕತೆ ಕಣ್ಣಿಗೆ ಬಿದ್ದ ದಿನ, ನಿಂತಲ್ಲೇ ನಿಂತು ಕೊನೆಯವರೆಗೂ ಓದಿದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. "ಅಂಬರೀಶಪ್ಪ, ಇದೊಂದು ನಂಗಿರ್ಲಿ ಕಣಪ್ಪ," ಎಂದು ಫೋನಿನಲ್ಲಿ ಹೇಳುವಾಗ ಅವಳ ದನಿ ಚಿಕ್ಕ ಹುಡುಗಿಯದಾಗಿತ್ತು.

ಮನೆಯೊಳಗೆ ರೆಕಾರ್ಡು ಮಾಡುವುದು ಆಗದ ಮಾತು. ಮುಂದೆ ರಸ್ತೆ, ಹಿಂದೆ ಪಕ್ಕದ ಮನೆಯ ಮಿಕ್ಸಿ. ನಿಶ್ಶಬ್ದವಾದ ಜಾಗವೆಂದರೆ ತೋಟದ ನಡುವಿನ ಹುಳುಮನೆ. ಹೊರಗಿನವರು ಒಳಗೆ ಬರುವ ಹಾಗಿಲ್ಲ. ಮನೆಯವರೂ ಕಾಲು ತೊಳೆದೇ ಬರಬೇಕು. ಅಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಚೆನ್ನಾಗಿಯೇ ಓದಿ ಕಳಿಸಿದಳು.

ಅಂಬರೀಶ್ ಫೋನು ಮಾಡಿದ. "ಅಕ್ಕ, ಓದಿದ್ದು ತುಂಬ ಚೆನ್ನಾಗಿದೆ. ಆದ್ರೆ ನಿಮ್ಮೂರಲ್ಲಿ ಭಾರಿ ಮಳೆ ಅನ್ಸುತ್ತೆ. ಮಳೆ ನಿಂತ್ಮೇಲೆ ಇನ್ನೊಂದ್ಸಲ ಮಾಡಿ."

ಪದ್ಮಶ್ರೀ ಹೊರಗೆ ನೋಡಿದಳು. ಮಾರ್ಚ್ ತಿಂಗಳ ಬಿಸಿಲು ಅಂಗಳದಲ್ಲಿ ಬಿಳಿಚಿಕೊಂಡು ಬಿದ್ದಿತ್ತು. ಆಮೇಲೆ ಹೊಳೆದು, ನಗು ತಡೆಯಲಾರದೆ ಕಂಬ ಹಿಡಿದುಕೊಂಡಳು. ಅದು ಮಳೆಯಲ್ಲ, ದೊಡ್ಡ ಹುಳುಗಳು ಸೊಪ್ಪು ತಿನ್ನುವ ಸದ್ದು. ಮನೆ ತುಂಬ ಹುಳುಗಳು ಒಟ್ಟಿಗೆ ಎಲೆ ಕಡಿಯತೊಡಗಿದರೆ ಹೆಂಚಿನ ಮೇಲೆ ಜಡಿಮಳೆ ಹುಯ್ದ ಹಾಗೆಯೇ. ಅವಳ ಕಿವಿಗೆ ಅದು ಎಷ್ಟು ಒಗ್ಗಿಹೋಗಿತ್ತೆಂದರೆ ಸದ್ದು ಎಂದೇ ಅನ್ನಿಸಿರಲಿಲ್ಲ.

"ಜ್ವರಕ್ಕೆ ಕೂರಲಿ ಕಣೆ, ಆಗ ಓದು," ಎಂದ ನರೇಂದ್ರ. ಹುಳು ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ, ಧ್ಯಾನಕ್ಕೆ ಕೂತ ಹಾಗೆ ಒಂದು ಹಗಲು ಒಂದು ರಾತ್ರಿ ಅಲುಗದೆ ಇರುತ್ತದೆ. ಅದನ್ನೇ ಜ್ವರ ಅನ್ನುವುದು. ಆಗ ಹುಳುಮನೆಯಲ್ಲಿ ಉಸಿರು ಕೂಡ ಕೇಳುತ್ತದೆ.

ಮುಂದಿನ ಬೆಳೆಯ ಹುಳುಗಳು ಮೂರನೆಯ ಜ್ವರಕ್ಕೆ ಕೂತ ದಿನ ಅವಳು ಎರಡನೆಯ ಸಲ ಓದಿದಳು. ಅತ್ತೆಯೂ ಬಂದು ಬಾಗಿಲ ಬಳಿ ಗೋಡೆಗೊರಗಿ ಕೂತಿದ್ದರು. ಸಂಜೆ ಅಂಬರೀಶನ ಫೋನು.

"ಅಕ್ಕ, ಮಳೆ ಇಲ್ಲ. ಆದ್ರೆ ಮಧ್ಯೆ ಮಧ್ಯೆ ಯಾರೋ ಹೂಂ, ಹೂಂ ಅಂತಾ ಇದಾರಲ್ಲ?"

"ಎಲ್ಲಪ್ಪ? ಯಾರೂ ಅಂದಿಲ್ವಲ್ಲ."

"ಕೇಳಿ ನೋಡಿ ಅಕ್ಕ."

ಕೇಳಿ ನೋಡಿದಳು. ಪ್ರತಿ ಮಾತಿನ ಕೊನೆಗೂ ಇತ್ತು. ಅಣ್ಣ ಹಾರೆ ತೆಗೆದುಕೊಂಡ, ಹೂಂ. ತಂಗಿ ಬುತ್ತಿ ಕಟ್ಟಿದಳು, ಹೂಂ. ಬಂಡೆ ಸಿಕ್ಕಿತು, ಹೂಂ ಅಯ್ಯೋ. ಅಕ್ಕಯ್ಯಮ್ಮನದೇ ದನಿ.

"ನಾನೇನಮ್ಮ ಮಾಡ್ಲಿ?" ಎಂದರು ಅಕ್ಕಯ್ಯಮ್ಮ, ಸ್ವಲ್ಪವೂ ಅಳುಕದೆ. "ಕತೆ ಹೇಳೋವಾಗ ಯಾರೂ ಹೂಂಗುಟ್ಟದೆ ಇದ್ರೆ ಅದು ಕತೆನಾ? ಹೂಂ ಅನ್ನೋರಿಲ್ದಿದ್ರೆ ಹೇಳೋರು ನಿಲ್ಲಿಸಿಬಿಡ್ತಿದ್ರು, ನಮ್ ಕಾಲದಲ್ಲಿ."

"ಅತ್ತೆ, ಇದು ರೆಕಾರ್ಡು. ನೀವು ಹೂಂ ಅನ್ಬಾರ್ದು."

"ಸರೇ ಸರೇ. ಬಾಯಿಗೆ ಬೀಗ ಹಾಕ್ಕೊಂತೀನಿ ಬಿಡು."

ಬೀಗ ನಂಬುವ ಹಾಗಿರಲಿಲ್ಲ. ನಾಲ್ಕನೆಯ ಜ್ವರದ ಬೆಳಗಿನ ಜಾವ ಅತ್ತೆ ಏಳುವ ಮುಂಚೆಯೇ ಪದ್ಮಶ್ರೀ ಒಬ್ಬಳೇ ಹುಳುಮನೆಗೆ ಹೋದಳು. ತಟ್ಟೆಗಳ ಮೇಲೆ ಹುಳುಗಳು ತಲೆ ಎತ್ತಿ ನಿಂತಿದ್ದವು. ಸುಣ್ಣದ ಪುಡಿಯ ತೆಳು ವಾಸನೆ. ಎಲ್ಲ ಸರಿಯಿತ್ತು. ಮೊದಲ ಸಾಲು ಓದಿ ತಡೆದಳು. ಎರಡನೆಯ ಸಾಲಿಗೆ ಬೇಗ ಹೋದಳು. ಎಲ್ಲಿ ನಿಲ್ಲಬೇಕು, ಎಲ್ಲಿ ಹೊರಡಬೇಕು ಎಂದೇ ತಿಳಿಯಲಿಲ್ಲ. ಎದುರಿಗೆ ಯಾರಿದ್ದಾರೆ? ಯಾರು ಕೇಳುತ್ತಿದ್ದಾರೆ? ಮದುವೆಯಾಗಿ ಬಂದಾಗಿನಿಂದ ಪೇಪರು, ಪಂಚಾಂಗ, ಔಷಧಿ ಡಬ್ಬಿಯ ಮೇಲಿನ ಬರಹ, ಏನು ಓದಿದರೂ ಎದುರಿಗೆ ಅಕ್ಕಯ್ಯಮ್ಮ ಕೂತು ಹೂಂಗುಟ್ಟಿದ್ದರು. ಆ ಹೂಂ ಮೇಲೆ ಕಾಲಿಟ್ಟು ಇವಳ ದನಿ ಮುಂದಿನ ಸಾಲಿಗೆ ದಾಟುತ್ತಿತ್ತು ಎನ್ನುವುದು ಅದು ಇಲ್ಲದಾಗಲೇ ಗೊತ್ತಾದದ್ದು. ಹೇಗೋ ಮುಗಿಸಿ ಕಳಿಸಿದಳು.

ತಿಂಡಿಯ ಹೊತ್ತಿಗೆ ಉತ್ತರ ಬಂತು. ಅಂಬರೀಶ್ ಬಹಳ ಹೊತ್ತು ತೊದಲಿದ. "ಅಕ್ಕ… ಶಬ್ದ ಏನೂ ಇಲ್ಲ… ಆದ್ರೆ… ಹೇಗೆ ಹೇಳ್ಲಿ…"

"ಹೇಳಪ್ಪ."

"ರಮೇಶ್‌ಬಾಬು ಅವ್ರು ಓದ್ದಂಗಿದೆ ಅಕ್ಕ."

ಮೂರು ಸಲ ಆಯಿತು. ಕಟ್ಟಳೆ ಎಲ್ಲರಿಗೂ ಒಂದೇ. ಬೇರೆಯವರೆಲ್ಲ ಆಗಲೇ ಹೊಸ ಕತೆ ಹಿಡಿದಿದ್ದರು; ಕೈ ಖಾಲಿ ಇದ್ದವರು ರಮೇಶ್‌ಬಾಬು ಒಬ್ಬರೇ. "ಇನ್ನೊಂದ್ಸಲ ನೋಡಣ ಅಕ್ಕ, ನಾನೇನೂ ಅನ್ನಲ್ಲ," ಎಂದ ಅಂಬರೀಶ್. ಅವಳು ಒಪ್ಪಲಿಲ್ಲ. ರಮೇಶ್‌ಬಾಬು ಅವರ ಮೇಲೆ ನಡೆಸಿದ ಕಟ್ಟಳೆಯನ್ನು ತನಗೆಂದು ಸಡಿಲ ಮಾಡುವುದು ಹೇಗೆ? ಕತೆಯ ಪುಟಗಳನ್ನು ತಾನೇ ಗೌರಿಬಿದನೂರಿಗೆ ಕಳಿಸಿದಳು. ಕಳಿಸಿ, ನೀರು ಕುಡಿದು, ಇನ್ನೊಂದು ಲೋಟ ನೀರು ಕುಡಿದಳು.

ಮಧ್ಯಾಹ್ನ ಹುಳು ಎದ್ದಿವೆಯೇ ಎಂದು ನೋಡಲು ಹುಳುಮನೆಯೊಳಗೆ ಹೋಗಿದ್ದಾಗ ಇಯರ್‌ಫೋನಿನಲ್ಲಿ ಫೋನು ರಿಂಗಾಯಿತು.

"ಮೇಡಂ! ಕತೆ ಬಂತು. ಹೊಟ್ಟೆ ತುಂಬೋಯ್ತು ನಂಗೆ." ರಮೇಶ್‌ಬಾಬು ಅವರ ದನಿ ಹಬ್ಬದ ದನಿಯಾಗಿತ್ತು. "ಕಟ್ಟಳೆ ಮಾಡ್ದೋರಿಗೂ ಕಟ್ಟಳೆ ಉಂಟಲ್ಲ ಅಂತ."

"ನಗಿ ಅಣ್ಣ, ನಗಿ."

"ನಗ್ತೀನಿ, ನಿಮ್ ಪರ್ಮಿಷನ್ ಬೇಡ. ಅದಿರ್ಲಿ, ಫೋನಲ್ಲಿ ಅಕ್ಷರ ಇರುವೆ ಥರ ಕಾಣ್ತವೆ, ಕನ್ನಡಕ ಮನೇಲಿದೆ. ಕತೆ ಏನು ಅಂತ ಸ್ವಲ್ಪ ಹೇಳಿ, ಸಂಜೆ ಓದ್ಕೊಂತೀನಿ."

ಹೇಳಲು ಅವಳಿಗೆ ಮನಸ್ಸಿರಲಿಲ್ಲ. ಆದರೂ ಕೇಳಿದವರಿಗೆ ಇಲ್ಲ ಎನ್ನುವುದು ಹೇಗೆ? "ಒಂದೂರಲ್ಲಿ ಒಬ್ಬ ಅಣ್ಣ. ಅವನಿಗೊಬ್ಳು ತಂಗಿ," ಎಂದಳು.

"ಹೂಂ," ಎಂದರು ಅವರು.

"ತಂಗೀನ ಕೊಟ್ಟ ಊರಲ್ಲಿ ನೀರಿಲ್ಲ. ಇರೋ ನೀರು ಬಾಯಿಗಿಡಕ್ಕಾಗಲ್ಲ, ಉಪ್ಪು."

"ಹೂಂ, ನಮ್ ಬೋರ್‌ವೆಲ್ ಥರ."

ಅವಳು ಮುಂದೆ ಹೇಳಿದಳು. ಕತೆ ಬಾಯಿಪಾಠವಾಗಿತ್ತು, ಹೇಳುತ್ತ ಹೇಳುತ್ತ ಪುಸ್ತಕದ ಮಾತುಗಳೇ ಬಂದವು. ಅಣ್ಣ ಹಾರೆ ಹೊತ್ತು ನಡೆದ, ಹೂಂ. ತಂಗಿಯ ಅತ್ತೆ ನಕ್ಕಳು, ಹೂಂ, ನಗ್ದೆ ಇರ್ತಾಳಾ. ಕತ್ತಿನ ಆಳಕ್ಕೆ ಬಂಡೆ. ಅಣ್ಣ ಹಾರೆ ಬಿಸಾಕಿ ಮೇಲೆ ಬಂದ. ತಂಗಿಗೆ ಮುಖ ತೋರಿಸಲಾರದೆ ಊರು ಬಿಟ್ಟು ಹೊರಟ.

"ಹೂಂ… ಅಯ್ಯೋ, ಹೊರಟೇ ಹೋದ್ನಾ? ಆಮೇಲೆ?"

ಪದ್ಮಶ್ರೀ ಥಟ್ಟನೆ ನಿಲ್ಲಿಸಿದಳು. ಅವಳ ದನಿ ಎಷ್ಟು ಹಗುರವಾಗಿ ಓಡಿತ್ತು! ಹೂಂ ಅಂದವರು ಗೌರಿಬಿದನೂರಿನಲ್ಲಿ. ಕೇಳಿದ್ದು ಅವಳ ಕಿವಿಯೊಳಗೆ. ಹುಳುಮನೆಯಲ್ಲಿ ಮಾತ್ರ ಯಾವ ಸದ್ದೂ ಇರಲಿಲ್ಲ. ಹುಳುಗಳು ಇನ್ನೂ ಎದ್ದಿರಲಿಲ್ಲ.

"ಆಮೇಲೇನಾಯ್ತು ಮೇಡಂ? ನೀರು ಬಂತಾ?"

"ಅಣ್ಣ, ಒಂದ್ ಮಾತು. ಕತೆ ಈಗ ನಿಮ್ದು. ನೀವು ಬೇಡ ಅಂದ್ರೆ ಬೇಡ. ನಾನು ಮೊದ್ಲಿಂದ ಓದ್ತೀನಿ, ಇನ್ನೊಂದ್ ಫೋನಲ್ಲಿ ರೆಕಾರ್ಡು ಹಾಕ್ಕೊಂಡು. ನೀವು ಕೊನೇ ತನಕ ಹೂಂ ಅಂತೀರಾ? ಚೆನ್ನಾಗ್ ಬಂದ್ರೆ ನಂಗೆ ಬಿಟ್ಕೊಡ್ತೀರಾ?"

ಆ ಕಡೆ ಅಂಗಡಿಯ ಗದ್ದಲ. ಯಾರೋ ತಲೆನೋವಿನ ಮಾತ್ರೆ ಕೇಳುತ್ತಿದ್ದರು.

"ಇದೊಳ್ಳೆ ಕತೆಯಾಯ್ತು," ಎಂದರು ರಮೇಶ್‌ಬಾಬು. "ನನ್ ಕತೇನ ನಾನೇ ಹೂಂಗುಟ್ಟಿ ಕಳ್ಕೋಬೇಕಾ? ನೀರು ಬಂತಾ ಇಲ್ವಾ, ಅದ್ ಹೇಳಮ್ಮ ಮೊದ್ಲು."

"ಅಷ್ಟು ಮಾತ್ರ ಹೇಳಕ್ಕಾಗಲ್ಲ ಅಣ್ಣ. ಓದಿದ್ರೇನೇ."

ಆಮೇಲೆ ಅವರು ಅಂಗಡಿಯವರಿಗೆ ಕೂಗಿದ್ದು ಕೇಳಿಸಿತು. "ಏಯ್, ಮಾತ್ರೆ ಕೊಟ್ಟು ಕಳ್ಸಿ, ಷಟರ್ ಅರ್ಧ ಎಳೀರಪ್ಪ. ಯಾರಾದ್ರೂ ಕೇಳಿದ್ರೆ ಊಟಕ್ಕೆ ಹೋಗಿದಾರೆ ಅನ್ನಿ." ದನಿ ಇಳಿಸಿ ಇವಳಿಗೆ ಹೇಳಿದರು: "ಓದಮ್ಮ. ಮುಯ್ಯಾಳಿಗೆ ಬಂದಿದೀನಿ ಅನ್ಕೋ. ನಿಮ್ಮೂರ ಕಡೆ ಒಬ್ರ ಹೊಲಕ್ಕೆ ಇನ್ನೊಬ್ರು ಬರ್ತಾರಲ್ಲ, ಹಾಗೆ. ಆಮೇಲೆ ನೀವೂ ನನ್ ಹೊಲಕ್ಕೆ ಬರ್ಬೇಕಾಗುತ್ತೆ, ನೆನಪಿರ್ಲಿ."

ಅವಳು ಹುಳುಮನೆಯ ಬಾಗಿಲಿಗೆ ಓಡಿ, ಹೊರಗಿದ್ದ ನರೇಂದ್ರನ ಜೇಬಿನಿಂದ ಫೋನು ಎಳೆದುಕೊಂಡಳು. ಅವನು ಏನು ಎನ್ನುವಷ್ಟರಲ್ಲಿ ಬಾಯಿ ಮೇಲೆ ಬೆರಳಿಟ್ಟಳು. ಅಕ್ಕಯ್ಯಮ್ಮನೂ ಬಂದು ಹಳೆಯ ಜಾಗದಲ್ಲಿ ಕೂತರು. ಸೊಸೆಯ ಕಣ್ಣು ನೋಡಿ, ತಾವಾಗಿಯೇ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡರು.

ಪದ್ಮಶ್ರೀ ಓದಿದಳು. ಕಿವಿಯೊಳಗೆ ಹೂಂ ಬಂತು, ಅವಳು ಅದನ್ನು ದಾಟಿ ಮುಂದೆ ಹೋದಳು. ಮತ್ತೆ ಬಂತು, ಮತ್ತೆ ದಾಟಿದಳು. ರಮೇಶ್‌ಬಾಬು ಓದುವಾಗ ಹೇಗಿದ್ದರೂ ಕೇಳುವಾಗ ಬಲು ಚೆನ್ನಾಗಿ ಕೇಳುತ್ತಿದ್ದರು. ಬೇಸರದ ಕಡೆ ಅವರ ಹೂಂ ಕೆಳಗಿಳಿಯುತ್ತಿತ್ತು, ಜಗಳದ ಕಡೆ ಚುರುಕಾಗುತ್ತಿತ್ತು. ಕೊನೆಯ ಪುಟಕ್ಕೆ ಬರುವಾಗ ಮೇಲಿನ ತಟ್ಟೆಯಲ್ಲಿ ಒಂದು ಹುಳು ಪೊರೆ ಕಳಚಿ ತಲೆ ಆಡಿಸಿತು. ಅದರ ಪಕ್ಕ ಇನ್ನೊಂದು. ನರೇಂದ್ರ ಸೊಪ್ಪಿನ ಕಟ್ಟು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ. ಹಸಿದ ಹುಳುವಿನ ಮುಂದೆ ಅವನು ಹಾಗೆ ಸುಮ್ಮನೆ ನಿಂತದ್ದು ಹಿಂದೆಂದೂ ಇಲ್ಲ.

ಬೆಳಗಾಯಿತು. ತಂಗಿ ಅಣ್ಣನ ಹಾರೆ ಎತ್ತಿಕೊಂಡು ತಾನೇ ಬಾವಿಗೆ ಇಳಿದಳು. ಬಂಡೆಯ ಪಕ್ಕದ ಮಣ್ಣಿಗೆ ಕೈಯಿಟ್ಟಳು. ಕೈ ಒದ್ದೆಯಾಯಿತು. ಅವಳು ನಾಲಿಗೆಗೆ ಹಚ್ಚಿ ನೋಡಿದಳು. ಸಿಹಿ. ಅಣ್ಣನನ್ನು ಕರೆಯಲು ಊರ ಹೊರಗಿನ ದಾರಿ ಹಿಡಿದು ಓಡಿದಳು.

"ಹೂಂ," ಎಂದರು ರಮೇಶ್‌ಬಾಬು, ಬಹಳ ನಿಧಾನವಾಗಿ. ಪದ್ಮಶ್ರೀ ರೆಕಾರ್ಡು ನಿಲ್ಲಿಸಿದಳು.

ನಿಲ್ಲಿಸಿದ್ದೇ ತಡ, ಅಕ್ಕಯ್ಯಮ್ಮ ಸೆರಗು ಕಿತ್ತು, ಅಷ್ಟು ಹೊತ್ತು ತಡೆದಿದ್ದನ್ನೆಲ್ಲ ಒಂದೇ ಉಸಿರಿಗೆ ಹೊರಗೆ ಬಿಟ್ಟರು. "ಹೂಂ! ಹೂಂ! ಹೂಂ! ಯಾರಮ್ಮ ಅವ್ನು, ನಿನ್ ಕಿವೀಲಿ ಕೂತಿರೋನು? ನನ್ ಹೂಂ ಕದ್ದೋನು?"

ನರೇಂದ್ರ ನಗುತ್ತಲೇ ಸೊಪ್ಪು ಹಾಸಿದ. ಹುಳುಮನೆಯಲ್ಲಿ ಮಳೆ ಶುರುವಾಯಿತು.

ಸಂಜೆ ಅಂಬರೀಶನ ಫೋನು ಬಂತು.

"ಅಕ್ಕ, ನಮ್ಮಮ್ಮ ಪಕ್ಕದಲ್ಲಿ ಕೂತು ಕೇಳಿದ್ರು. ಮುಗಿದ್ಮೇಲೆ ಎದ್ದು ಹೋಗಿ ಬಿಂದಿಗೆಯಿಂದ ನೀರು ಕುಡಿದ್ರು. ಇನ್ನೇನ್ ಹೇಳ್ಲಿ ನಾನು? ಪಾಸ್. ಆದ್ರೆ ಕತೆ ರಮೇಶ್‌ಬಾಬು ಅವ್ರದಲ್ವಾ ಈಗ?"

"ಅವ್ರೇ ಬಿಟ್ಕೊಟ್ಟಿದಾರಪ್ಪ. ಸುಮ್ನೆ ಅಲ್ಲ, ಮುಯ್ಯಿಗೆ."

ಅವಳು ಫೋನಿಟ್ಟಳು. ಅಂಥ ದೊಡ್ಡ ಸಂತೋಷವೇನಲ್ಲ. ಆದರೂ ಒಳಗೆ ಹೋಗಿ ಅನ್ನಕ್ಕಿಡುವಾಗ ಗುನುಗುತ್ತಿದ್ದಳು.

ಮುಯ್ಯಿ ತೀರಿಸುವ ದಿನ ಬಂದದ್ದು ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರು ತಟ್ಟಿಗೆ ಏರಿದ ಮೇಲೆ. ರಮೇಶ್‌ಬಾಬು ಅವರಿಗೆ ಹೊಸ ಕತೆ ಕೊಟ್ಟಾಗಿತ್ತು. ಅವರಿಗೆ ಹೂಂಗುಟ್ಟಲು ಪದ್ಮಶ್ರೀ ಕೂರುವವಳಿದ್ದಳು, ಅಕ್ಕಯ್ಯಮ್ಮ ಬಿಡಲಿಲ್ಲ. "ಅವ್ನು ಕದ್ದಿದ್ದು ನಂದು. ವಾಪಸ್ ಕೊಡೋಳು ನಾನು," ಎಂದು ಫೋನನ್ನು ಸ್ಪೀಕರಿಗೆ ಹಾಕಿಸಿಕೊಂಡು, ಎಲೆಯಡಿಕೆ ತಟ್ಟೆ ಪಕ್ಕಕ್ಕಿಟ್ಟುಕೊಂಡು, ಕಾಲು ಚಾಚಿ ಕೂತರು.

ರಮೇಶ್‌ಬಾಬು ಎಂದಿನ ಹಾಗೆ ಊಟಕ್ಕೆ ಮುಂಚೆ, ಊಟ ಆದ ಮೇಲೆ ಎಂದು ಶುರು ಮಾಡಿದರು. ಒಂದು ಸಾಲಾಯಿತು. ಎರಡು ಸಾಲಾಯಿತು. ಅಕ್ಕಯ್ಯಮ್ಮ ಅಡಿಕೆ ಕತ್ತರಿಸುತ್ತಿದ್ದರೇ ಹೊರತು ಬಾಯಿ ಬಿಡಲಿಲ್ಲ.

ಆ ಕಡೆ ದನಿ ತಡವರಿಸಿ ನಿಂತಿತು. "ಹಲೋ? ಅಮ್ಮ? ಇದೀರಾ?"

"ಇದೀನಪ್ಪ, ಎಲ್ಲಿಗೆ ಹೋಗ್ಲಿ?"

"ಹೂಂ ಅನ್ಲೇ ಇಲ್ವಲ್ಲ ನೀವು."

"ಅನ್ನೋ ಹಂಗೆ ಓದಿದ್ರೆ ಅಂತೀನಿ ಕಣಪ್ಪ. ಇನ್ನೊಂದ್ಸಲ ಮೊದ್ಲಿಂದ ಹೇಳು. ಆ ಎತ್ತು ಕಳೆದೋಯ್ತು ಅಂದ್ಯಲ್ಲ, ನಿಂದೇ ಎತ್ತು ಕಳೆದೋದ್ರೆ ಹಂಗೇ ಹೇಳ್ತೀಯಾ?"

ಗೌರಿಬಿದನೂರಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ಮತ್ತೆ ಮೊದಲಿನಿಂದ ಶುರುವಾಯಿತು. ಎತ್ತು ಕಳೆದುಹೋಗುವ ಕಡೆ ದನಿ ಸ್ವಲ್ಪ, ಸ್ವಲ್ಪವೇ, ನಡುಗಿತು.

"ಹೂಂ," ಎಂದರು ಅಕ್ಕಯ್ಯಮ್ಮ. ಆಮೇಲೆ ಫೋನಿಗೆ ಅಂಗೈ ಅಡ್ಡ ಹಿಡಿದು, ಅಂಗಳದಲ್ಲಿ ಚಂದ್ರಿಕೆ ಹೊತ್ತು ಹೋಗುತ್ತಿದ್ದ ಸೊಸೆಗೆ ಪಿಸುಗುಟ್ಟಿದರು:

"ಪದ್ದೂ, ಒಂದ್ ಲೋಟ ಕಾಫಿ ತಗೊಂಡ್ ಬಾರಮ್ಮ. ಈಯಪ್ಪ ದಾರಿಗೆ ಬರ್ತಾ ಇದಾನೆ. ಎದ್ ಹೋಗಂಗಿಲ್ಲ ಈಗ."